ಎತ್ತಿದ ಸೇತುವೆ ಇಳಿಯದ ಪ್ರಕರಣ

ಔಡರ್‌ಸೈಲ್ ಪುರಸಭೆಗೆ ಸೇರಿದ ಎತ್ತುಸೇತುವೆಯು ಸೋಮವಾರ ಬೆಳಗ್ಗೆ ಮೇಲೆದ್ದು, ಮತ್ತೆ ಕೆಳಗಿಳಿಯಲಿಲ್ಲ. ಇದನ್ನು ಯಾರೂ 'ಕೆಟ್ಟಿದೆ' ಎನ್ನಕೂಡದು, 'ಎತ್ತರದಲ್ಲಿ ವಿರಮಿಸುತ್ತಿದೆ' ಎನ್ನತಕ್ಕದ್ದು ಎಂದು ಪುರಸಭೆ ಪ್ರಕಟಿಸಿತು.

ಸೇತುವೆ ನಡೆಸುತ್ತಿದ್ದವನು ವೀಬ್ರೆನ್. ಕಾಲುವೆ ದಡದ ಗೂಡಿನಲ್ಲಿ ಕೂತು, ಕಂಪ್ಯೂಟರಿನ ಕಪ್ಪು ಪರದೆಯಲ್ಲಿ 'ಏರು' ಎಂದು ಬರೆದರೆ ಸೇತುವೆ ಏರುತ್ತಿತ್ತು, 'ಇಳಿ' ಎಂದರೆ ಇಳಿಯುತ್ತಿತ್ತು. ಅಂದು ಒಂದು ಹಾಯಿದೋಣಿಗೆ ದಾರಿ ಬಿಟ್ಟವನು, ಪತ್ರ ಬರೆದು ಉಳಿಸುವ ಅಭ್ಯಾಸಬಲದಿಂದ ಕಂಟ್ರೋಲ್ ಕೀಲಿಯ ಜೊತೆ ಎಸ್ ಒತ್ತಿಬಿಟ್ಟ. ಪರದೆ ಕಲ್ಲಾಯಿತು. 'ಇಳಿ' ಎಂದು ಟೈಪು ಹೊಡೆದರೆ ಅಕ್ಷರವೇ ಮೂಡಲಿಲ್ಲ. ಮತ್ತೊಮ್ಮೆ 'ಇಳಿ' ಎಂದು ಬೇಡಿದ. ರೇಗಿ 'ಏರು' ಎಂದ. ಕೊನೆಗೆ ಉಪಮೇಯರ್ ಓಡಿಲಿಯಾ ಬ್ಲೋಕ್‌ಜೈಲ್ ಅವರ ವಂಶದವರನ್ನೆಲ್ಲ ಒಬ್ಬೊಬ್ಬರಂತೆ ಹೆಸರು ಹಿಡಿದು ಬೈಗುಳ ಟೈಪು ಹೊಡೆದ.

ಕೀಲಿಮಣೆಯ ಬಗೆಗಿನ ದೂರನ್ನು ಅದೇ ಕೀಲಿಮಣೆಯಿಂದಲೇ ಕಳಿಸತಕ್ಕದ್ದು ಎಂದು ತಾಂತ್ರಿಕ ವಿಭಾಗ ಫೋನಿನಲ್ಲಿ ತಿಳಿಸಿತು. ಅಷ್ಟರಲ್ಲಿ ಓಡಿಲಿಯಾ ಅವರ ತಮ್ಮನ ದೋಣಿ ಜನರನ್ನು ದಾಟಿಸುವ ಗುತ್ತಿಗೆ ಹಿಡಿಯಿತು. ಸೇತುವೆ ಸಿಬ್ಬಂದಿಗೆ ಸೇತುವೆ ಇರುವುದರಿಂದ ಅವರನ್ನು ದೋಣಿಗೆ ಹತ್ತಿಸಕೂಡದೆಂಬ ನಿಯಮವೂ ಬಂತು. ವೀಬ್ರೆನ್ ಗೂಡಿನಲ್ಲೇ ಮಲಗತೊಡಗಿದ.

ಆಚೆ ದಡದ ಮನೆಯಿಂದ ಹೆಂಡತಿ ಯೆಲ್‌ಟ್ಯೆ ಕೂಗಿ ಕೇಳಿದಳು: "ಬಟಾಣಿ ಸೂಪು ಆರ್ತಿದೆ. ಬರ್ತೀಯಾ, ನಾಯಿಗೆ ಹಾಕ್ಲಾ?"

"ಹಾಕು ಮಾರಾಯ್ತಿ."

ನಾಯಿ ದಪ್ಪಗಾದ ಮೇಲೆ ತಾಂತ್ರಿಕ ವಿಭಾಗದಿಂದ ಫೋನಿನಲ್ಲಿ ಉತ್ತರ ಬಂತು: ಎಸ್ ಕೀಲಿ ಕಟ್ಟಿಹಾಕಿದ್ದನ್ನು ಕ್ಯೂ ಕೀಲಿ ಬಿಡಿಸುತ್ತದೆ, ಕಂಟ್ರೋಲ್ ಹಿಡಿದು ಒತ್ತಿ. ವೀಬ್ರೆನ್ ಒತ್ತಿದ. ಅಲ್ಲಿಯವರೆಗೆ ನುಂಗಿಕೊಂಡಿದ್ದ ಆಜ್ಞೆಗಳನ್ನೆಲ್ಲ ಯಂತ್ರ ಪ್ರಾಮಾಣಿಕವಾಗಿ ನೆರವೇರಿಸಹೊರಟಿತು. ಸೇತುವೆ ಇಳಿಯಿತು. ಅವನು ಚಪ್ಪಲಿ ಬಿಟ್ಟು ಓಡಿ ದಾಟಿದ. ದಾಟಿದ್ದೇ ತಡ, ಬೆನ್ನ ಹಿಂದೆ ಅದು ಮತ್ತೆ ಏರಿತು.

ಸಂಜೆ ವಿಚಾರಣೆ ನಡೆಯಿತು.

"ನಮ್ಮಜ್ಜಿ ಹೆಸರೂ ಹೊಡೆದಿದ್ರಂತೆ?" ಎಂದರು ಓಡಿಲಿಯಾ.

"ಹೊಡೆದಿದ್ದೆ ಮೇಡಂ. ಅಂಥ ಆಜ್ಞೆ ಇಲ್ಲ ಅಂತ ಯಂತ್ರ ತೋರಿಸ್ತಂತೆ."

"ಸದ್ಯ."

ದೋಣಿಗೆ ಈಗಷ್ಟೇ ಬಣ್ಣ ಬಳಿದಿರುವುದನ್ನು ಗಮನಿಸಿ ಸಭೆಯು ಸರ್ವಾನುಮತದಿಂದ ನಿರ್ಣಯಿಸಿತು: ಸೇತುವೆ ಎತ್ತರದಲ್ಲಿಯೇ ಇರತಕ್ಕದ್ದು; ಕ್ಯೂ ಕೀಲಿಯನ್ನು ಕಿತ್ತು ಪುರಸಭೆಯ ತಿಜೋರಿಯಲ್ಲಿ ಇಡತಕ್ಕದ್ದು; ವೀಬ್ರೆನ್‌ಗೆ ದೋಣಿ ಪಾಸು ಕೊಡತಕ್ಕದ್ದು. ಯೆಲ್‌ಟ್ಯೆ ಕೂಡ ಚಪ್ಪಾಳೆ ತಟ್ಟಿದಳು.

ಈಗ ವೀಬ್ರೆನ್ ದಿನವೂ ಬೆಳಗ್ಗೆ ದೋಣಿಯಲ್ಲಿ ಕಾಲುವೆ ದಾಟಿ, ಸೇತುವೆಯ ಕೆಲಸಕ್ಕೆ ಹೋಗಿಬರುತ್ತಾನೆ.