ಅರ್ಧಕ್ಕೆ ನಿಂತ ಉಂಗುರದ ಬೆರಳು

ಯಾವುದನ್ನು ಬೇಕಾದರೂ ಬರೆದು ತೋರಿಸಬಲ್ಲೆ ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಡ್ರಾಯಿಂಗ್ ಮೇಷ್ಟ್ರುಗಳಿಗೆ ಇದು ಸಾಮಾನ್ಯ ಕಾಯಿಲೆ. ನಂಜನಗೂಡಿನ ಮನೆಯಿಂದ ದಿನವೂ ಬಸ್ಸಿನಲ್ಲಿ ಟಿ. ನರಸೀಪುರದ ಹೈಸ್ಕೂಲಿಗೆ ಹೋಗಿ, ವರ್ಷಗಟ್ಟಲೆ ಮಕ್ಕಳ ಕೈಯಲ್ಲಿ ಹೂಜಿ, ಹೂದಾನಿ ಬರೆಸಿದವನು ನಾನು. ಯಾರಾದರೂ ಹೂಜಿಯ ಹಿಡಿಯನ್ನು ಅರ್ಧಕ್ಕೆ ಬಿಟ್ಟರೆ ಸಾಕು, "ಪೂರ್ತಿ ಮಾಡೋ!" ಎಂದು ಗದರಿ ಮಾರ್ಕು ಕಿತ್ತುಕೊಳ್ಳುತ್ತಿದ್ದೆ. ಅರ್ಧಂಬರ್ಧ ಚಿತ್ರ ಕಂಡರೆ ನನಗೆ ಮೈಯೆಲ್ಲ ಉರಿ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಹೆಂಡತಿ ನಾಗರತ್ನಳ ಬಲಗೈ ಮುಷ್ಕರ ಹೂಡಿತು. ಅವಳು ಸೋಸಲೆಯವಳು, ಹದಿನೈದು ಚುಕ್ಕಿಯ ರಂಗೋಲಿಯನ್ನು ಎದುರುಮನೆಯವರ ಜೊತೆ ಮಾತಾಡುತ್ತಲೇ ಮುಗಿಸುವವಳು. ಈಗ ಪುಡಿ ಬೆರಳಿನಿಂದ ಸೋರಿ ಹೋದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ನನ್ನ ಕೆನ್ನೆ ಸವರಿ, "ಬಟ್ಟೆ ಸುತ್ಕೊಂಡು ಮುಟ್ದಂಗೆ ಆಯ್ತದೆ ಕಣ್ರೀ" ಅಂದಳು. ನಾನು ನಕ್ಕೆ. ಮಾರನೆಯ ದಿನ ಕಾದ ಬಾಣಲೆ ಮುಟ್ಟಿದಳು. ಬೊಬ್ಬೆ ಎದ್ದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಸುಟ್ಟಿದೆ ಎಂದು ಅವಳಿಗೆ ಗೊತ್ತಾದದ್ದು. ಆಗ ನಿಜವಾಗಿ ಹೆದರಿ ಅವಳನ್ನು ಡಾಕ್ಟರ ಬಳಿಗೆ ಕರೆದೊಯ್ದೆ.

ಎಲ್ಲಿ, ಎಂಥ ನೋವು ಎಂದು ಡಾಕ್ಟರು ಎಷ್ಟು ಕೇಳಿದರೂ ಅವಳದು ಒಂದೇ ಉತ್ತರ: "ಇಡೀ ಕೈಯೇ ಒಂಥರಾ ಸಾ." 'ಒಂಥರಾ' ಎಂಬುದಕ್ಕೆ ಯಾವ ಅಂಗಡಿಯಲ್ಲೂ ಮಾತ್ರೆ ಸಿಗುವುದಿಲ್ಲ. ಕೊನೆಗೆ ಅವರು, "ಮೇಷ್ಟ್ರೇ, ಮನೇಲಿ ಕೂತ್ಕೊಂಡು ನೋವು ಎಲ್ಲೆಲ್ಲಿದೆ ಅಂತ ಚಿತ್ರ ಬರೆದು ತನ್ನಿ" ಅಂದರು. ನಾನು ಇಡೀ ಭಾನುವಾರ ಕೂತು ದೊಡ್ಡ ಹಾಳೆಯಲ್ಲಿ ಅಂಗೈ ಬರೆದೆ. ಬೆರಳ ತುದಿಗೆ ಕೆಂಪು ಜ್ವಾಲೆ, ಹಿಂದೆ ಮಿಂಚು, ಮೂಲೆಯಲ್ಲಿ ನನ್ನ ಸಹಿ. ಡಾಕ್ಟರು ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿದರು. "ರಸಬಾಳೆ ಹಣ್ಣಿನ ಚಿಪ್ಪು ಚೆನ್ನಾಗಿದೆ. ಬೆಂಕಿ ಯಾಕೆ ಬಿದ್ದಿದೆ?"

ನಾಗರತ್ನ ಹಾಳೆ ಕಿತ್ತುಕೊಂಡು ಮಗುಚಿ ಹಾಕಿದಳು. ತನ್ನ ಬಲಗೈಯನ್ನು ಅದರ ಮೇಲೆ ಊರಿ, ಎಡಗೈಯಲ್ಲಿ ಪೆನ್ನು ಹಿಡಿದು ಸುತ್ತ ಸೊಟ್ಟಗೆ ಗೆರೆ ಎಳೆದಳು. ಆಮೇಲೆ ರಂಗೋಲಿಯಂತೆ ಚುಕ್ಕಿ ಇಡತೊಡಗಿದಳು. "ಚುಕ್ಕಿ ಇರೋ ಕಡೆಯೆಲ್ಲ ಜೋಮು, ಉರಿ." ಹೆಬ್ಬೆರಳು, ತೋರುಬೆರಳು, ನಡುಬೆರಳು ತುಂಬಿದವು. ಉಂಗುರದ ಬೆರಳಿಗೆ ನಡುಬೆರಳಿನ ಪಕ್ಕ ಮಾತ್ರ ಚುಕ್ಕಿ. ಕಿರುಬೆರಳು ಖಾಲಿ.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅರ್ಧಕ್ಕೆ ಬಿಟ್ಟೆಯಲ್ಲೇ, ಪೂರ್ತಿ ಮಾಡು" ಅಂದೆ.

"ಆ ಕಡೆ ನೆಟ್ಟಗದೆ ಕಣ್ರೀ. ಇಲ್ದಿರೋ ನೋವ್ನ ಎಲ್ಲಿಂದ ತರ್ಲಿ?"

ಡಾಕ್ಟರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಆ ಅರ್ಧ ಬೆರಳೇ ನಂಗೆ ಬೇಕಾಗಿತ್ತು ತಾಯಿ. ಮಣಿಕಟ್ಟಲ್ಲಿ ನರ ಅದುಮಿಕೊಂಡಿದೆ. ಆ ನರ ಹೋಗೋದು ಅಷ್ಟು ಜಾಗಕ್ಕೇ." ಮಣಿಕಟ್ಟಿಗೆ ಪಟ್ಟಿ ಕಟ್ಟಿದರು. ಎರಡು ತಿಂಗಳು ಬಟ್ಟೆ ಹಿಂಡಬಾರದು, ಮುದ್ದೆ ತೊಳಸಬಾರದು. ಆಗಲೂ ಸ್ಪರ್ಶ ಬಾರದಿದ್ದರೆ ಆಪರೇಷನ್ ಅಂದರು.

ಅಂದಿನಿಂದ ಮುದ್ದೆಯ ಕೋಲು ನನ್ನ ಕೈಗೆ ಬಂತು. ಮುದ್ದೆಯಲ್ಲಿ ಗಂಟು, ಗಂಟಿನೊಳಗೆ ಹಿಟ್ಟು. ಅವಳು ಎಡಗೈಯಲ್ಲಿ ಮುರಿದು ನುಂಗುತ್ತಿದ್ದಳು. ನಾನು ದಿನವೂ ಅವಳ ಬೆರಳನ್ನೇ ನೋಡುತ್ತಿದ್ದೆ.

ಏಳನೆಯ ವಾರದ ಒಂದು ಬೆಳಿಗ್ಗೆ ನನ್ನ ಅರ್ಧ ಮುಖ ಶೇವ್ ಆಗಿತ್ತು. ಅವಳು ಬಂದು ಬಲಗೈ ಬೆರಳಿಂದ ಉಳಿದ ಕೆನ್ನೆಯನ್ನು ಮುಟ್ಟಿ, ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಥೂ, ಚುಚ್ತದೆ!"

"ಇನ್ನೊಂದ್ಸಲ ಮುಟ್ಟೇ" ಅಂದೆ.

"ಚುಚ್ತದೆ ಅಂದ್ನಲ್ಲಾ!" ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ.

ರೇಜರ್ ಬಿಸಾಡಿ ಡಾಕ್ಟರ ಬಳಿಗೆ ಓಡಿದೆ. ಸುದ್ದಿ ಕೇಳಿ ಅವರು ನನ್ನ ಮುಖವನ್ನು ಒಂದು ನಿಮಿಷ ನೋಡಿದರು.

"ಸಂತೋಷ ಮೇಷ್ಟ್ರೇ. ಆದ್ರೆ ಪೂರ್ತಿ ಮಾಡ್ಕೊಂಡು ಬರಬಾರದಿತ್ತಾ?"