ಬೋರಿಂಗ್ ಹ್ಯಾಂಡಲ್ ಕಳುವಾದದ್ದೇ ಹೌದೆಂದು ಕಳ್ಳರಿಂದ ದೃಢೀಕರಣ ಕೋರಿ

ಇಂದ:
ಶಿವಕುಮಾರಿ ಕರಿಬಸಯ್ಯ, ಬಿ.ಎ.,
ಹ್ಯಾಂಡಲಿಲ್ಲದ ಬೋರಿಂಗಿನ ಎದುರು ಮನೆ, ಮಸ್ಕಿ.

ಗೆ:
ಮಾನ್ಯ ಕಬ್ಬಿಣದ ಕಳ್ಳರು
(ಹೆಸರು ತಿಳಿದಿಲ್ಲ; ಮುಖಕ್ಕೆ ಟವೆಲ್ ಸುತ್ತಿಕೊಂಡವರು),
ನಿಯಾಜ್ ಅವರ ಗುಜರಿ ಅಂಗಡಿಯ ಮುಖಾಂತರ.

ವಿಷಯ: ತಾವು ಕದ್ದದ್ದನ್ನು ತಾವೇ ಕದ್ದದ್ದೆಂದು ಒಪ್ಪಿಕೊಳ್ಳುವ ಕುರಿತು.

ಉಲ್ಲೇಖ: ೧) ಕಳೆದ ಸೋಮವಾರ ಮಧ್ಯಾಹ್ನ, ಓಣಿ ಉಂಡು ಮಲಗಿದ್ದಾಗ, ತಾವು ದಯಮಾಡಿಸಿದ್ದು.
೨) ತತ್ಸಂಬಂಧ ಪಕ್ಕದ ಮನೆಯ ಬಸವಣ್ಣೆಮ್ಮನವರು ಕಟ್ಟೆಯ ಮೇಲೆ ಕುಳಿತು ಈವರೆಗೂ ಆಡುತ್ತಿರುವ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ:

೧. ಅರ್ಜಿದಾರಳು ಮೊದಲಿನಿಂದಲೂ ಹೆದರುಪುಕ್ಕಲಿ. ಓಣಿಗೆ ಹೊಸ ನಾಯಿ ಬಂದರೂ ಯಾರ ಮನೆಯದೆಂದು ವಿಚಾರಿಸುವವಳು. ಹೀಗಿರುವಲ್ಲಿ ಅದೇ ಓಣಿಯ ಶೇಖರಮ್ಮನವರ ಗೇಟಿನ ಎರಡು ಬಾಗಿಲುಗಳ ಪೈಕಿ ಒಂದು ಕಾಣೆಯಾಯಿತು. ಅವರು ಉಳಿದ ಒಂದನ್ನೇ ಸಂಜೆಯಾದೊಡನೆ ಭದ್ರವಾಗಿ ಮುಚ್ಚತೊಡಗಿದರು. ಇದನ್ನು ನೋಡಲಾರದ ಕಾರಣ, ಓಣಿಯ ಕಬ್ಬಿಣ ಕಾಯುವ ಹೊಣೆಯನ್ನು ಅರ್ಜಿದಾರಳು ತಾನೇ ಹೊತ್ತಳು. ಯಾರೂ ಹೊರಿಸಿರಲಿಲ್ಲ.

೨. ಕಳುವಿನ ಮೂಲ ತಿಳಿಯದೆ ತಡೆಯಲಾಗದು ಎಂಬ ಕಾರಣಕ್ಕೆ ಅವಳು ನಿಯಾಜ್ ಅವರ ಗುಜರಿ ಅಂಗಡಿಗೆ ಹೋದಳು. ಅವರು ತಕ್ಕಡಿ ಒರೆಸುತ್ತ ಹೇಳಿದರು: "ಅಕ್ಕಾರ, ಕಬ್ಬಿಣಕ್ಕ ಮಾರಿ ಇರಂಗಿಲ್ರೀ. ಯಾರ ಗೇಟು, ಯಾರ ಜಾಲರಿ, ನಂಗೇನು ಗೊತ್ತಾಗತೈತಿ? ಹೆಸರಿತ್ತಂದ್ರ ಮಾತು ಬ್ಯಾರೆ. ಹೆಸರಿದ್ದ ಮಾಲು ಹೆಸರಿನೋರನ್ನ ಕೇಳಲಾರದ ನಾ ಮುಟ್ಟಂಗಿಲ್ಲ."

ಅರ್ಜಿದಾರಳಿಗೆ ಜ್ಞಾನೋದಯವಾಯಿತು. ನಮ್ಮಲ್ಲಿ ಚಹಾ ಸೋಸುವ ಜರಡಿಗೂ ಹೆಸರು ಹಾಕಿಸುತ್ತೇವೆ. ಓಣಿಗೆಲ್ಲ ನೀರು ಕೊಡುವ ಬೋರಿಂಗಿಗೆ ಏಕೆ ಹಾಕಿಸಬಾರದು?

೩. ಆದ್ದರಿಂದ, ಬಾಂಡೆ ಅಂಗಡಿಯ ಮುಂದೆ ಕುಳಿತು ತಟ್ಟೆ, ತಂಬಿಗೆಗಳ ಮೇಲೆ ಹೆಸರು ಕೊರೆಯುವ ಪಂಪಾಪತಿಯವರನ್ನು ಮಷೀನು ಸಮೇತ ಕರೆಸಲಾಯಿತು. ಬೋರಿಂಗಿನ ಹ್ಯಾಂಡಲ್ಲು, ಗಟಾರದ ಜಾಲರಿ, ಶೇಖರಮ್ಮನವರ ಅರ್ಧ ಗೇಟು, ಎಲ್ಲವನ್ನೂ ತೋರಿಸಿ "ಹೆಸರು ಹಾಕ್ರಿ" ಎನ್ನಲಾಯಿತು. ಅವರು ಕೊರೆಯುವಾಗ ಅರ್ಜಿದಾರಳು ಅಲ್ಲಿರಲಿಲ್ಲ. ಪಂಪಾಪತಿಯವರ ಬೈಕನ್ನು ಯಾರೂ ಒಯ್ಯದಂತೆ ಓಣಿಯ ತುದಿಯಲ್ಲಿ ಕಾವಲು ನಿಂತಿದ್ದಳು.

ಬಂದು ನೋಡಿದರೆ ಎಲ್ಲದರ ಮೇಲೂ ದುಂಡನೆಯ ಅಕ್ಷರಗಳಲ್ಲಿ, ಎರಡು ಬದಿಗೆ ಹೂವಿನ ಬಳ್ಳಿ ಬಿಡಿಸಿ, ಹೀಗೆ ಕೊರೆಯಲಾಗಿತ್ತು:

"ಶಿವಕುಮಾರಿ ಕರಿಬಸಯ್ಯ ಇವರ ಪ್ರೀತಿಯ ಉಡುಗೊರೆ."

"ಇದೇನ್ರೀ ಮಾಡೀರಿ?" ಎಂದು ಅರ್ಜಿದಾರಳು ಕೇಳಿದ್ದಕ್ಕೆ ಪಂಪಾಪತಿಯವರ ಉತ್ತರ: "ಮದುವೀ ಬಾಂಡೆಕ್ಕ ಕೊಡಾರ ಹೆಸರ ಹಾಕಾದ್ರಿ. ಬೋರಿಂಗ್ ಯಾರ ಮದುವಿಗಂತ ನೀವು ಹೇಳಲೇ ಇಲ್ಲ, ನಾ ಕೇಳಲೂ ಇಲ್ಲ."

ಅಳಿಸಲು ಬರುವುದಿಲ್ಲವೆಂದೂ, ಹೂವಿನ ಬಳ್ಳಿಗೆ ಬೇರೆ ರೊಕ್ಕ ಬೇಡವೆಂದೂ ಅವರು ತಿಳಿಸಿದರು.

೪. ಸೋಮವಾರ ತಾವು ಬಂದಿರಿ. ಹ್ಯಾಂಡಲ್ಲು ಹೋಯಿತು. ಅರ್ಜಿದಾರಳು ಗುಜರಿ ಅಂಗಡಿಗೆ ಓಡಿದಳು. ಹ್ಯಾಂಡಲ್ಲು ಅಲ್ಲೇ ಇತ್ತು.

"ನಿಯಾಜಣ್ಣ, ಹೆಸರಿನೋರನ್ನ ಕೇಳಲಾರದ ಮುಟ್ಟಂಗಿಲ್ಲ ಅಂದಿದ್ರಿ!"

"ಓದೇ ತಗೊಂಡೀನ್ರೀ ಅಕ್ಕಾರ. ಪ್ರೀತಿಯ ಉಡುಗೊರೆ ಅಂತ ಐತಿ. ಅಕ್ಕಾರ ಕೊಟ್ಟಾರಂತ ಆ ಮನಷ್ಯಾನೂ ಅಂದ. ಉಡುಗೊರಿ ತಂದೋನ್ನ ಕಳ್ಳ ಅನ್ನಾಕ ಬರತೈತೇನು?"

"ಯಾರವ?"

"ಮಾರಿಗೆ ಟವೆಲ್ ಸುತ್ಕೊಂಡಿದ್ದ. ಈ ಬಿಸಲಾಗ ಯಾರು ಸುತ್ಕೊಂಡಿಲ್ಲ ಹೇಳ್ರಿ? ನಿಮ್ಮ ಓಣ್ಯಾಗ ಒಬ್ರಾರ ಬಂದು ಇದು ಕಳುವಿನ ಮಾಲಂತ ಹೇಳ್ಲಿ, ನಾನ ಹೊತ್ಕೊಂಡು ಬಂದು ಕೂಡಿಸ್ತೀನಿ. ಆದ್ರ ಶನಿವಾರ ಸಿಂಧನೂರು ಲಾರಿ ಬರತೈತ್ರಿ. ಹೋತಂದ್ರ ಹೋತು, ಕರಗಿಸಿಬಿಡ್ತಾರ."

೫. ಓಣಿಯಲ್ಲಿ ಹಾಗೆ ಹೇಳುವವರು ಒಬ್ಬರೂ ಸಿಗಲಿಲ್ಲ. ಎಲ್ಲರೂ ಬಸವಣ್ಣೆಮ್ಮನವರ ಬಾಯಿ ನೋಡುವವರು, ಅವರೋ ಬೋರಿಂಗಿನ ಕಂಬ ತೋರಿಸಿ ಹೀಗೆಂದರು: "ಯವ್ವಾ ಶಿವಕುಮಾರಿ, ಕೊಡೋ ಮನಸಿದ್ರ ನಿಮ್ಮನೀ ಹಂಡೇ ಕೊಡಬೇಕಿತ್ತವ್ವ. ಓಣಿ ನೀರು ಯಾಕ ಕೊಟ್ಟಿ?"

"ನಾ ಕೊಟ್ಟಿಲ್ಲಬೇ ಆಯಿ, ಕಳುವಾಗೈತಿ!"

"ಪ್ರೀತೀಲೆ ಕೊಟ್ಟೀನಂತ ಬರಸೀದಿ. ಬಿ.ಎ. ಓದಿದಾಕಿ ನೀನ, ಸುಳ್ಳ ಬರಸ್ತೀಯೇನು?"

ರೊಕ್ಕ ಕೊಟ್ಟು ಬಿಡಿಸಿಕೊಂಡರಾಯಿತೆಂದರೆ, "ನೋಡ್ರಿ, ಕೊಟ್ಟಿದ್ದಕ್ಕ ಈಗ ಹೊಟ್ಟಿ ಉರಿಯಾಕತ್ತೈತಿ" ಎಂದು ಬಸವಣ್ಣೆಮ್ಮನವರು ಓಣಿಗೆಲ್ಲ ಸಾರಿದರು. ಠಾಣೆಗೆ ಹೋದರೆ ಉಡುಗೊರೆಗೆ ದೂರು ನಡೆಯುವುದಿಲ್ಲ ಎಂದಾರೆಂಬ ಭಯದಿಂದ ಅರ್ಜಿದಾರಳು ಹೋಗಿಲ್ಲ. ಸದ್ಯ ಬಸವಣ್ಣೆಮ್ಮನವರ ಮನೆಯ ನೀರನ್ನು ಆಚೆ ಓಣಿಯ ಬೋರಿಂಗಿನಿಂದ ಅವಳೇ ಹೊರುತ್ತಿದ್ದಾಳೆ. ಬಸವಣ್ಣೆಮ್ಮನವರು ಅಂದಿನಿಂದ ಎರಡು ಹೊತ್ತು ಸ್ನಾನ ಮಾಡತೊಡಗಿದ್ದಾರೆ.

೬. ಇಷ್ಟು ಸಾಲದೆಂಬಂತೆ, ನಿನ್ನೆ ಗುರುಗುಂಟಾದಿಂದ ಒಬ್ಬರು ಬೈಕಿನಲ್ಲಿ ಬಂದು, ನೀರು ಕುಡಿದು, "ಅಕ್ಕಾರ, ಕಬ್ಬಿಣ ಹಂಚಾಕತ್ತೀರಂತಲ್ಲ, ನಮ್ಮ ಆಡಿನ ಶೆಡ್ಡಿಗೆ ಎರಡು ತಗಡು ಬೇಕಾಗಿದ್ವು" ಎಂದರು. ಅವರು ಹೋದ ಮೇಲೂ ಅರ್ಜಿದಾರಳ ಪತಿ ಕರಿಬಸಯ್ಯನವರು ಗೋಡೆ ಹಿಡಿದು ನಗುತ್ತಿದ್ದರು.

ಆದ್ದರಿಂದ, ಸದರಿ ಓಣಿಯಲ್ಲಿ ಕಳ್ಳರೊಬ್ಬರು ಇದ್ದಾರೆಂದು ಹೇಳಬಲ್ಲವರು ಈಗ ಕಳ್ಳರೊಬ್ಬರೇ ಆಗಿರುವ ಕಾರಣ, ಪ್ರಾರ್ಥನೆ:

ಅ) ಹ್ಯಾಂಡಲ್ಲನ್ನು ತಾವು ಕದ್ದದ್ದೆಂದೂ, ಯಾರೂ ಪ್ರೀತಿಯಿಂದ ಕೊಟ್ಟದ್ದಲ್ಲವೆಂದೂ ಬರೆದುಕೊಡಬೇಕು.

ಆ) ಬರೆದುಕೊಡಲು ಸಂಕೋಚವಾದಲ್ಲಿ, ಲಾರಿ ಬರುವ ಮೊದಲೇ, ಈ ಗುರುವಾರ ಮಧ್ಯಾಹ್ನ, ಅರ್ಜಿದಾರಳ ಪಡಸಾಲೆಗೆ ಬಂದು, ಬಸವಣ್ಣೆಮ್ಮನವರ ಕಣ್ಣೆದುರಿಗೇ ಕೆಟ್ಟ ಕೂಲರಿನ ಕಬ್ಬಿಣದ ಡಬ್ಬಿಯನ್ನು ಕದ್ದೊಯ್ಯಬೇಕು. ಅದರ ಮೇಲೆ ಯಾರ ಹೆಸರೂ ಇಲ್ಲ. ಅರ್ಜಿದಾರಳು ಬಾಗಿಲಲ್ಲಿ ನಿಂತು ಓಣಿ ಎದ್ದು ಬರುವಂತೆ ಕೂಗಿಕೊಳ್ಳುವಳು. ಆ ಕೂಲರನ್ನು ಮುಂದಿನ ಬೇಸಿಗೆಗೆ ರಿಪೇರಿ ಮಾಡಿಸುವೆನೆಂದು ಪ್ರತಿ ಬೇಸಿಗೆಯಲ್ಲೂ ಹೇಳುವ ಕರಿಬಸಯ್ಯನವರಿಗೆ ಈ ಅರ್ಜಿಯ ಸುದ್ದಿ ತಿಳಿಸಿಲ್ಲ. ಅವರ ದುಃಖ ಸಹಜವಾಗಿ ಬರಬೇಕು.

ತಮ್ಮ ವಿಶ್ವಾಸಿ
(ವಿಶ್ವಾಸ ಇಡಲು ಓಣಿಯಲ್ಲಿ ಬೇರೆ ಯಾರೂ ಉಳಿಯದ ಕಾರಣ),
ಶಿವಕುಮಾರಿ ಕರಿಬಸಯ್ಯ

ಅಡಕಗಳು:
೧. ಹ್ಯಾಂಡಲ್ಲಿನ ಮೇಲಿನ ಬರಹದ ಪೆನ್ಸಿಲ್ ನಕಲು, ಹೂವಿನ ಬಳ್ಳಿ ಸಹಿತ.
೨. ಕೂಲರಿನ ಫೋಟೊ, ಹಿಡಿದು ಎತ್ತಬೇಕಾದ ಕಡೆಯಿಂದ.
೩. ದೃಢೀಕರಣ ಪತ್ರದ ಮಾದರಿ. ಸಹಿ ಬಾರದಿದ್ದಲ್ಲಿ ಹೆಬ್ಬೆಟ್ಟು ನಡೆಯುತ್ತದೆ.

ವಿಶೇಷ ಸೂಚನೆ: ಬಸವಣ್ಣೆಮ್ಮನವರು ಉಂಡು ಕಟ್ಟೆಗೆ ಬರುವುದು ತಡವಾದಲ್ಲಿ ತಾವು ಒಳಗೆ ಕುಳಿತುಕೊಳ್ಳಬಹುದು, ಚಹಾ ಮಾಡಿಕೊಡಲಾಗುವುದು. ಆದರೆ ಹೋಗುವಾಗ ದಯವಿಟ್ಟು ಓಡಬೇಕು. ನಡೆದುಕೊಂಡು ಹೋದರೆ ಬೀಗರು ಬಂದು ಹೋದಂತೆ ಕಾಣುತ್ತದೆ.