ಮಗಳ ರಜೆ, ನನ್ನ ಎದೆಬಡಿತ

ಹೆದರಿದವರ ಮೇಲೆ ಹಾವು ಎಸೆದಂತೆ ಅನ್ನುತ್ತಾರೆ. ನನ್ನ ಮೇಲೆ ಹಾವು ಎಸೆಯುವ ಕೆಲಸವನ್ನು ಮಗಳ ರಜೆಗಳು ವಹಿಸಿಕೊಂಡಿವೆ. ಅವಳು ಜರ್ಮನಿಯಲ್ಲಿ ಓದುತ್ತಾಳೆ. ಓದುವಷ್ಟು ದಿನ ನನಗೆ ಅಂಥ ಭಯವಿಲ್ಲ. ಕ್ಲಾಸು, ಲೈಬ್ರರಿ, ಹಾಸ್ಟೆಲ್ ರೂಮು, ಎಲ್ಲಕ್ಕೂ ಬಾಗಿಲಿದೆ, ಚಿಲಕವಿದೆ. ರಜೆ ಬಂತೆಂದರೆ ಸಾಕು, ಇಲ್ಲಿ ತೆಲುಗು ಸೀಮೆಯ ಮಿಯಾಪುರದ ಫ್ಲ್ಯಾಟಿನಲ್ಲಿ ನನ್ನ ಬಿ.ಪಿ. ಏರುತ್ತದೆ.

ಮೂವತ್ತೊಂದು ಅಂಶಗಳು

ಚಳಿಗಾಲದ ರಜೆಗೆ ಗೆಳತಿಯರ ಜೊತೆ ಹಿಮದ ಬೆಟ್ಟ ನೋಡಲು ಹೋಗುತ್ತೇನೆ ಅಂದಳು. ನನ್ನ ಕಣ್ಣಿಗೆ ಬೆಟ್ಟ ಕಾಣಲಿಲ್ಲ, ಜಾರುವುದೊಂದೇ ಕಂಡಿತು.

ನಾನು ಬಾಲಾನಗರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಷನ್ ಮಾಡಿದವನು. ನನ್ನ ಸಹಿ ಇಲ್ಲದೆ ಒಂದು ಸ್ಕ್ರೂ ಗೇಟು ದಾಟುತ್ತಿರಲಿಲ್ಲ. ಸ್ಕ್ರೂಗೆ ಇಷ್ಟು ಮಾಡಿದವನು ಹೆತ್ತ ಮಗಳನ್ನು ಹಾಗೇ ಬಿಡಲಾದೀತೇ? ಕೂತು ಮೂವತ್ತೊಂದು ಅಂಶಗಳ ತಪಾಸಣಾ ಪಟ್ಟಿ ತಯಾರಿಸಿದೆ. ಒಂದನೆಯದು ಪಾಸ್‌ಪೋರ್ಟ್. ಏಳನೆಯದು ಬೂಟಿನ ಅಡಿಯ ಹಲ್ಲುಗಳ ಸ್ಥಿತಿ. ಹತ್ತೊಂಬತ್ತನೆಯದು ಜೊತೆಗೆ ಬರುವವರ ರಕ್ತದ ಗುಂಪು. ಎಲ್ಲ ತುಂಬಿ, ಸಹಿ ಮಾಡಿ ಕಳಿಸು ಎಂದು ವಾಟ್ಸ್‌ಆಪ್ ಮಾಡಿದೆ.

ಮರುದಿನವೇ ಪಟ್ಟಿ ವಾಪಸು ಬಂತು. ಎಲ್ಲ ಕಡೆ ಸರಿ ಗುರುತು. ಕೆಳಗೆ ಷರಾ ಬರೆದಿದ್ದಳು: "ಮಾಲು ಸುಸ್ಥಿತಿಯಲ್ಲಿದೆ. ಇನ್‌ಸ್ಪೆಕ್ಟರನ್ನು ಕೂಡಲೇ ರಿಪೇರಿಗೆ ಕಳಿಸತಕ್ಕದ್ದು."

ಯಾರಿಗೂ ಹೇಳಬೇಡಿ

ನನ್ನ ಪಟ್ಟಿಗೆ ಬೇಸತ್ತಳೋ, ಅಜ್ಜಿಯ ನೆನಪಾಯಿತೋ, ಕೊನೆಗೆ ಹಿಮ ಬಿಟ್ಟು ಮನೆಗೇ ಬರುತ್ತೇನೆ ಅಂದಳು. ಎರಡು ವರ್ಷದ ಮೇಲೆ ಬರುತ್ತಿದ್ದಾಳೆ! ಕುಣಿಯಬೇಕು ಅನ್ನುವಷ್ಟರಲ್ಲಿ ಹೊಸ ಹಾವು ಬಿತ್ತು. ಜರ್ಮನಿಯಲ್ಲಿರಲು ಕೊಟ್ಟ ಪರವಾನಗಿ ಕಾರ್ಡಿನ ಅವಧಿ ರಜೆಯ ಕೊನೆಯ ಶನಿವಾರಕ್ಕೇ ಮುಗಿಯುತ್ತಿತ್ತು. ವಾಪಸು ಹೋಗಲು ಸಿಕ್ಕ ಟಿಕೆಟ್ಟು ಶುಕ್ರವಾರದ್ದು. ಆ ವಿಮಾನ ತಪ್ಪಿದರೆ ಕಾರ್ಡ್ ಸತ್ತಂತೆ. ಮತ್ತೆ ಹೊಸ ವೀಸಾ, ತಿಂಗಳುಗಟ್ಟಲೆ ಕಾಯುವುದು, ಪರೀಕ್ಷೆ ಕೈತಪ್ಪಿದಂತೆಯೇ.

"ದೃಷ್ಟಿ ಆಗತೈತಿ. ಆಕಿ ಬರೂದು ಯಾರ ಮುಂದೂ ಹೇಳಬ್ಯಾಡ್ರಿ" ಎಂದು ಹೆಂಡತಿ ನನ್ನಿಂದ ಆಣೆ ಮಾಡಿಸಿಕೊಂಡಳು. ಅಪಾರ್ಟ್‌ಮೆಂಟಿನಲ್ಲಿ ನಾನು ಬಾಯಿಗೆ ಬೀಗ ಹಾಕಿಕೊಂಡು ತಿರುಗಿದೆ. ನಾಲ್ಕನೆಯ ದಿನ ಗೇಟಿನ ಬಳಿ ತರಕಾರಿ ಮಾರುವಾಕೆ ಬೆಂಡೆಕಾಯಿ ತೂಗುತ್ತ, "ಪಾಪ ಎಪ್ಪುಡು ವಸ್ತುಂದಿ ಸಾರ್?" ಅಂದಳು. ಮಗು ಯಾವಾಗ ಬರುತ್ತದೆ ಅಂತ! ಯಾರಾದರೂ ಕೇಳಿಸಿಕೊಂಡರೇ ಎಂದು ನಾನು ಸುತ್ತಮುತ್ತ ನೋಡಿದೆ. ಆಕೆ ಬಗ್ಗಿ ಮೆಲ್ಲಗೆ ಧೈರ್ಯ ಹೇಳಿದಳು: ಹೆದರಬೇಡಿ ಸಾರ್, ಯಾರಿಗೂ ಹೇಳಬೇಡ ಅಂತ ಮೇಡಮ್ಮು ಎಲ್ಲರಿಗೂ ಹೇಳಿದ್ದಾರೆ.

ಶುಕ್ರವಾರ

ಮಗಳು ಬಂದಳು. ಎರಡು ವಾರ ಮನೆ ಮನೆಯಾಗಿತ್ತು. ಹೊರಡುವ ಹಿಂದಿನ ದಿನ, ಎಂಬತ್ತು ದಾಟಿದ ನಮ್ಮವ್ವ ಪಂಚಾಂಗ ಹಿಡಿದು ಕೂತಳು.

"ಶುಕ್ರವಾರ ಪಡುವಲ ದಿಕ್ಕಿಗೆ ಶೂಲಿ ಐತಿ. ಹೋಗಬಾರದು."

"ಅವ್ವಾ, ಹೋಗದಿದ್ರ ಕಾರ್ಡ್ ಸಾಯತೈತಿ!"

"ಗಾಬರಿ ಯಾಕ? ಇವತ್ತ ಪ್ರಸ್ಥಾನ ಇಟ್ಟರಾತು."

ಪ್ರಸ್ಥಾನ ಅಂದರೆ ನಮ್ಮ ಕಡೆಯ ಹಳೆಯ ಉಪಾಯ. ಒಳ್ಳೆಯ ದಿನ ನೋಡಿ, ಹೊರಡುವವರ ಸಾಮಾನಿನಲ್ಲಿ ಒಂದನ್ನು ಅಕ್ಕಿ, ಅರಿಶಿನ, ಅಡಿಕೆಯ ಜೊತೆ ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಡುವುದು. ಪ್ರಯಾಣ ಅಂದೇ ಶುರುವಾದ ಲೆಕ್ಕ. ಮರುದಿನ ಹೋಗುವಾಗ ದಾರಿಯಲ್ಲಿ ಅದನ್ನು ಎತ್ತಿಕೊಂಡರಾಯಿತು. ಮನೆಯೊಳಗೆ ಮಾತ್ರ ವಾಪಸು ತರಬಾರದು. ಅವ್ವ ಎದುರು ಫ್ಲ್ಯಾಟಿನ ತೆಲುಗು ಆಂಟಿಯ ಮನೆಗೆ ಗಂಟು ಹಿಡಿದು ಹೋಗಿದ್ದನ್ನು ನೋಡಿದೆ. ಒಂದು ಕರ್ಚೀಫು ಇಟ್ಟಿರಬೇಕು ಅಂದುಕೊಂಡು ಸುಮ್ಮನಾದೆ.

ಶುಕ್ರವಾರ ಬೆಳಿಗ್ಗೆ ಕ್ಯಾಬ್ ಬಂದು ನಿಂತಿತು. ನಾನು ಕನ್ನಡಕ ಏರಿಸಿ ಪಟ್ಟಿ ತೆಗೆದೆ. ಅಂಶ ಒಂದು, ಪಾಸ್‌ಪೋರ್ಟ್.

ಇಲ್ಲ.

ಬೀರುವಿನಲ್ಲಿ ಇಟ್ಟಿದ್ದು ಬೀರುವಿನಲ್ಲಿರಲಿಲ್ಲ. ಕಾರ್ಡೂ ಅದೇ ಕವರಿನಲ್ಲಿತ್ತು. ಸೂಟ್‌ಕೇಸ್ ಬೋರಲು ಹಾಕಿದೆವು. ಚಟ್ನಿಪುಡಿ ಡಬ್ಬಿಯೊಳಗೂ ಕೈ ಹಾಕಿದೆ. ಹೆಂಡತಿ ದೇವರ ಮುಂದೆ ಕೂತು ಅಳತೊಡಗಿದಳು. ಯಾವಾಗಲೂ ನನ್ನನ್ನು ಛೇಡಿಸುವ ಮಗಳ ಮುಖ ಬಿಳಿಚಿಕೊಂಡಿತ್ತು. "ಅಪ್ಪಾ, ಈಗೇನು ಮಾಡೂದು?" ಅಂದಳು. ಹೆದರಿ ಹೆದರಿ ಪಳಗಿದ ನನಗೂ ಅಂಥ ಹೆದರಿಕೆ ಹೊಸದು.

ಮೂಲೆಯಲ್ಲಿ ಜಪಮಣಿ ಎಣಿಸುತ್ತಿದ್ದ ಅವ್ವ ಕಣ್ಣು ತೆರೆದಳು. "ಏನು ಹುಡುಕಾಕತ್ತೀರಿ?"

"ಪಾಸ್‌ಪೋರ್ಟ್ ಅವ್ವಾ!"

"ಅದು ನಿನ್ನೆನ ಹೊಂಟೈತಲ್ಲೋ."

ಪ್ರಯಾಣಕ್ಕೆ ನಿಜವಾಗಿ ಬೇಕಾದದ್ದನ್ನೇ ಇಟ್ಟರೆ ಪ್ರಸ್ಥಾನ ಗಟ್ಟಿ ಅಂತ ಅವಳ ವಿಚಾರ. ಎದುರು ಬಾಗಿಲಿಗೆ ಓಡಿದೆ. ಬೀಗ! ಫೋನ್ ಮಾಡಿದರೆ ಆಂಟಿ ಗಚ್ಚಿಬೌಲಿಯಲ್ಲಿ, ತಮ್ಮ ಮಗಳ ಮನೆಯಲ್ಲಿ. ಮೊಮ್ಮಗನಿಗೆ ಜ್ವರವೆಂದು ಗುರುವಾರ ಸಂಜೆಯೇ ಹೋಗಿದ್ದರು.

"ಗಂಟು ಎಲ್ಲಿ ಆಂಟಿ?" ಎಂದು ತೆಲುಗಿನಲ್ಲಿ ಕೂಗಿದೆ.

"ನನ್ನ ಹತ್ತಿರವೇ ಇದೆ. ದೇವರ ಗಂಟನ್ನು ಖಾಲಿ ಮನೆಯಲ್ಲಿ ಹೇಗೆ ಬಿಡೋದು? ಜೊತೆಗೇ ತಂದೆ. ಒಳಗೇನಿದೆ ಅಂತ ಬಿಚ್ಚಿ ನೋಡಿಲ್ಲ."

ಪುಣ್ಯಕ್ಕೆ ಏರ್‌ಪೋರ್ಟಿನ ದಾರಿ ಗಚ್ಚಿಬೌಲಿಯ ಮೇಲೆಯೇ. ಆ ಟ್ರಾಫಿಕ್ಕಿನಲ್ಲಿ ಪ್ರತಿ ಸಿಗ್ನಲ್ಲೂ ನನಗೆ ಕೆಂಪಾಗಿಯೇ ಕಂಡಿತು. ಫ್ಲೈಓವರ್ ಪಕ್ಕ ಆಂಟಿ ಎರಡೂ ಕೈಯಲ್ಲಿ ಗಂಟು ಹಿಡಿದು, ಮಂಗಳಾರತಿ ತಟ್ಟೆ ಹಿಡಿದವರ ಹಾಗೆ ನಿಂತಿದ್ದರು. ಕ್ಯಾಬಿನಲ್ಲೇ ಗಂಟು ಬಿಚ್ಚಿದೆವು. ಪಾಸ್‌ಪೋರ್ಟಿನಿಂದ ಅರಿಶಿನದ ಅಕ್ಕಿ ಉದುರಿತು. ಮಗಳು ಅದನ್ನು ಎದೆಗೊತ್ತಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನಾನಂತೂ ಅತ್ತೆ.

ಅವ್ವನಿಗೆ ಫೋನ್ ಮಾಡಿ ಸಿಕ್ಕಿತೆಂದು ತಿಳಿಸಿದರೆ ಆಕೆಗೆ ಆಶ್ಚರ್ಯವೇ ಆಗಲಿಲ್ಲ. "ನಾ ಎದುರು ಮನ್ಯಾಗ ಇಟ್ಟರ, ಅದು ತಾನ ಗಚ್ಚಿಬೌಲಿ ತನಕಾ ಹೋಗೈತಿ. ಮುಹೂರ್ತ ಭಾಳ ಚಲೋ ಇತ್ತು ನೋಡು."

ವಿಮಾನ ಸಿಕ್ಕಿತು. ಶನಿವಾರ ಮಗಳು ತನ್ನ ರೂಮಿನಿಂದ ವಿಡಿಯೋ ಕಾಲ್ ಮಾಡಿದಳು. ಕಾರ್ಡಿನ ನವೀಕರಣಕ್ಕೆ ಅರ್ಜಿ ಹೋಗಿತ್ತು. ನಾನು ಎರಡು ವಾರದಲ್ಲಿ ಮೊದಲ ಸಲ ಉಸಿರು ಬಿಟ್ಟೆ. ಆಗಲೇ ಅವಳು, "ಅಜ್ಜೀ, ಬ್ಯಾಸಗಿ ರಜಾಕ್ಕೂ ಮನಿಗೇ ಬರ್ತೀನಿ. ಇಲ್ಲಿಂದ ಹೊರಡೂ ಮುಂದ ಪ್ರಸ್ಥಾನಕ್ಕ ಗೆಳತಿ ರೂಮಿನ್ಯಾಗ ಏನು ಇಡಲಿ?" ಅಂದಳು.

ಅವ್ವ ನನ್ನ ಕಡೆ ಒಮ್ಮೆ ನೋಡಿ ಹೇಳಿದಳು: "ನಿಮ್ಮಪ್ಪನ ಪಟ್ಟಿ ಇಡು. ಬರೂ ಮುಂದ ಎತಗೊಳ್ಳೂದು ಮರತರೂ ನಡೀತೈತಿ."